ಗ್ಲಾಸಷ್ಟೇ ಇಳಿಸುವ ಸಾವ್ಕಾರ್ರು

ಸಂಡೂರಿನ ಕೆಂಪು ಮಣ್ಣು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಸಾವ್ಕಾರ್ರು ಬಿಳಿ ಕಾರು ಹತ್ತಿದರು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತವು. ಸಾವ್ಕಾರ್ರ ಹಾರನ್ ನಿಲ್ಲಲಿಲ್ಲ.

ಬೆಳಗಾದರೆ ಹೊಸಪೇಟೆಯ ಒಗ್ಗರಣಿ-ಮಿರ್ಚಿ ಅಂಗಡಿಯ ಮುಂದೆ ಆ ಕಾರು. ಅಂಗಡಿಗೆ ನಾಲ್ಕೇ ಹೆಜ್ಜೆ. ಗಿಡ್ಡ ಹಾರನ್ ಎರಡಾದರೆ ಒಗ್ಗರಣಿ, ಉದ್ದದ್ದೊಂದಾದರೆ ಚಹಾ. ಹುಡುಗನಿಗೆ ಮಗ್ಗಿಗಿಂತ ಮೊದಲು ಬಾಯಿಪಾಠವಾದದ್ದು ಇದು. ಎಸಿ ತಂಪು ಹೊರಗೆ ಹೋಗದಷ್ಟು, ಪ್ಲೇಟು ಒಳಗೆ ಬರುವಷ್ಟು ಗ್ಲಾಸು ಇಳಿಯುತ್ತದೆ.

“ಏ ತಮ್ಮಾ, ಮಿರ್ಚಿ ಬಿಸಿ ಐತಿಲ್ಲೋ?”

“ಈಗ ತೆಗದೀನ್ರಿ ಸಾವ್ಕಾರ್ರ. ನೀವ ಇಳದು ನೋಡ್ರಿ.”

“ಬ್ಯಾಡ ಬಿಡು, ನಂಬೀನಿ.”

ಇದು ಇವರ ಆವಿಷ್ಕಾರವೇನಲ್ಲ. ಅಮೆರಿಕದ ಡಲ್ಲಾಸಿನಲ್ಲಿ 1921ರಲ್ಲೇ ಕಾರಿಗೆ ತಿಂಡಿ ತಂದುಕೊಡುವ ಹೋಟೆಲು ಶುರುವಾಗಿತ್ತು. ಬೆಂಗಳೂರಿನ ಏರ್‌ಲೈನ್ಸ್ ಹೋಟೆಲಿನಲ್ಲೂ ಮರದ ನೆರಳಿಗೆ ಕಾರು ನಿಲ್ಲಿಸಿದರೆ ದೋಸೆ ಅಲ್ಲಿಗೇ ಬರುತ್ತಿತ್ತು. ಆದರೆ ಅವರೆಲ್ಲ ಅದಕ್ಕೆಂದೇ ಜಾಗ ಬಿಟ್ಟವರು. ನಮ್ಮವರು ಯಾರನ್ನೂ ಕೇಳದೆ ರಸ್ತೆಯನ್ನೇ ಹೋಟೆಲು ಮಾಡಿಕೊಂಡಿದ್ದಾರೆ. ಹಿಂದೆ ಕಂಪ್ಲಿ ಬಸ್ಸು ಬಾಯಿ ಬಡಿದುಕೊಳ್ಳುತ್ತಿರುತ್ತದೆ. ಮುಂದೆ ಇವರು ಇನ್ನೊಂಚೂರು ಚಟ್ನಿಪುಡಿ ಕೇಳುತ್ತಿರುತ್ತಾರೆ.

ಕಂಪ್ಲಿಯ ಕಬ್ಬಿನಹಾಲಿನವನು ಜಾಣ. ಇಂಥವರಿಗೆ ಲೋಟಕ್ಕೆ ಐದು ರೂಪಾಯಿ ಹೆಚ್ಚು. ಯಾಕಪ್ಪಾ ಅಂದರೆ, “ಡೋರ್ ಡೆಲಿವರಿ ಅಲ್ಲೇನ್ರಿ, ಕಾರಿನ ಡೋರ್‌ಗೆ!” ಸಾವ್ಕಾರ್ರು ಜಗಳಕ್ಕೆ ಹೋಗುವುದಿಲ್ಲ. ಜಗಳ ಆಡಬೇಕೆಂದರೂ ಇಳಿಯಬೇಕಲ್ಲ.

ಪೇಚಾಟ ಆಗುವುದು ಹಂಪಿಯಲ್ಲಿ. ವಿಜಯ ವಿಠ್ಠಲ ದೇವಸ್ಥಾನದ ತನಕ ಕಾರು ಬಿಡುವುದಿಲ್ಲ. ಗೆಜ್ಜಲ ಮಂಟಪದ ಹತ್ತಿರ ನಿಲ್ಲಿಸಿ ಬ್ಯಾಟರಿ ಗಾಡಿ ಹತ್ತಬೇಕು. ಮೊನ್ನೆ ಧಾರವಾಡದ ಬೀಗರನ್ನು ಕರೆದುಕೊಂಡು ಹೋಗಿದ್ದರು. ಬೀಗರು ಇಳಿದರು, ಮನೆಯವರು ಇಳಿದರು, ಮೊಮ್ಮಕ್ಕಳು ಇಳಿದರು. ಸಾವ್ಕಾರ್ರು ಗ್ಲಾಸು ಇಳಿಸಿದರು.

“ತಾತಾ, ಕಲ್ಲಿನ ರಥ ನೋಡಂಗಿಲ್ಲೇನು?” ಮೊಮ್ಮಗಳು ಕಿಟಕಿಗೆ ಜೋತುಬಿದ್ದಳು.

ಸಾವ್ಕಾರ್ರು ಜೇಬಿನಿಂದ 2017ರಲ್ಲಿ ಬಂದ ನೀಲಿ ಬಣ್ಣದ ಐವತ್ತರ ನೋಟು ತೆಗೆದು ಹಿಂಬದಿ ತೋರಿಸಿದರು.

“ಇಲ್ಲೇ ಐತಲ್ಲವ್ವಾ. ರಿಸರ್ವ್ ಬ್ಯಾಂಕಿನವ್ರು ಕಾರಿಗೇ ತಂದುಕೊಟ್ಟಾರ.”