ಹೊಟ್ಟೆ ಮೇಲಿನ ಗೀರು

ನಮ್ಮಲ್ಲಿ ತಾಯಿ ದೇವರು. ಅವಳ ಹೊಟ್ಟೆ ಮಾತ್ರ ರಿಪೇರಿಗೆ ಬಂದ ಗೋಡೆ.

ಸೀಮಂತದ ದಿನ ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ತೊಡಿಸಿ ಆರತಿ ಎತ್ತುತ್ತಾರೆ. ತಟ್ಟೆ ಕೆಳಗಿಡುವ ಮೊದಲೇ ಒಬ್ಬರು ಕಿವಿಯಲ್ಲಿ ಉಸುರುತ್ತಾರೆ: 'ಹೊಟ್ಟೆಗೆ ಎಣ್ಣೆ ಹಚ್ತಿದ್ದೀಯೇನೇ? ಇಲ್ಲಾಂದ್ರೆ ಗೀರು ಬೀಳುತ್ತೆ ನೋಡು.' ಹೇಳಿದವರ ಹೊಟ್ಟೆಯ ಮೇಲೂ ಗೀರಿದೆ. ಸೆರಗು ಮುಚ್ಚಿದೆ, ಅಷ್ಟೆ.

ಸರಿ, ಮೆಡಿಕಲ್ ಶಾಪ್‌ಗೆ ಓಟ. ಬಾಟಲಿಯ ಮುಂದೆ ದಪ್ಪಕ್ಷರದ ಭರವಸೆ. ಹಿಂದೆ ಸಣ್ಣಕ್ಷರದಲ್ಲಿ, ಫಲಿತಾಂಶ ಒಬ್ಬೊಬ್ಬರಿಗೆ ಒಂದೊಂದು ರೀತಿ. ಗೀರು ಬೀಳಲಿಲ್ಲವೇ? ಎಣ್ಣೆಯ ಮಹಿಮೆ. ಬಿತ್ತೇ? ನೀನು ಸರಿಯಾಗಿ ಹಚ್ಚಲಿಲ್ಲ. ನಷ್ಟವೇ ಇಲ್ಲದ ವ್ಯಾಪಾರ.

2012ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯವರು 6 ಪ್ರಯೋಗಗಳನ್ನು, ಸುಮಾರು 800 ಹೆಂಗಸರ ಲೆಕ್ಕವನ್ನು ಒಟ್ಟಿಗಿಟ್ಟು ನೋಡಿದರು. ಹಚ್ಚುವ ಮುಲಾಮು ಗೀರು ತಡೆಯುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಕಿತ್ತುಹೋಗುವುದು ಚರ್ಮದ ಒಳಪದರದ ಕೊಲಾಜನ್, ಎಲಾಸ್ಟಿನ್ ಎಳೆಗಳು. ಎಣ್ಣೆ ಮಿರುಗುವುದು ಮೇಲೆ. ತುರಿಕೆ ತಗ್ಗುತ್ತದೆ, ನಿಜ. ಅದಕ್ಕೆ ಮನೆಯ ಕೊಬ್ಬರಿ ಎಣ್ಣೆ ಸಾಕು. ಅಮ್ಮನಿಗೆ ಗೀರು ಬಿದ್ದಿದ್ದರೆ ಮಗಳಿಗೂ ಬೀಳುವ ಸಂಭವ ಹೆಚ್ಚು. ವಂಶದಿಂದ ಬಂದದ್ದನ್ನು ತೊಳೆಯುವ ಬಾಟಲಿ ಇನ್ನೂ ಹುಟ್ಟಿಲ್ಲ.

ಹೆರಿಗೆಯಾದ ಮೇಲೆ ಇನ್ನೊಂದು ಅಂಗಡಿ ತೆರೆಯುತ್ತದೆ. 'ಗೀರು ಪೂರ್ತಿ ಮಾಯ' ಅನ್ನುವ ಬೋರ್ಡು. ಲೇಸರ್ ಮಸುಕು ಮಾಡೀತು, ಅಳಿಸದು. ಟ್ರೆಟಿನಾಯಿನ್ ಕ್ರೀಮು ಹೊಸ ಗೀರಿಗೆ ಒಂದಿಷ್ಟು ಕೆಲಸ ಮಾಡುತ್ತದೆ. ಬಸಿರಿನಲ್ಲಿ ಮಾತ್ರ ಅದನ್ನು ಮುಟ್ಟಬಾರದು. ಪಕ್ಕದ ಮನೆಯವರು ಕೊಟ್ಟ ಟ್ಯೂಬಿನಲ್ಲಿ ಏನಿದೆಯೆಂದು ಓದುವವರು ಯಾರು?

ಗಂಡನ ಹೊಟ್ಟೆಯೂ ಬೆಳೆದಿದೆ. ಬಿಯರಿನ ಕೃಪೆ. ದಿಢೀರನೆ ದಪ್ಪಗಾದರೆ ಗಂಡಸಿಗೂ ಇದೇ ಗೀರು ಬೀಳುತ್ತದೆ. ಅವನಿಗೆ ಯಾರೂ ಎಣ್ಣೆ ತಂದುಕೊಡಲಿಲ್ಲ. ಅವನದ್ದು 'ಚೆನ್ನಾಗಿ ಉಂಡ ಲಕ್ಷಣ'.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಗೀರಿನ ಗಲಾಟೆಯಲ್ಲಿ ಯಾರೂ ಕೇಳದ ಇನ್ನೊಂದು ಲೆಕ್ಕ ಕೊಟ್ಟಿದೆ. ದೇಶದ ಬಸುರಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ. ಕಬ್ಬಿಣಾಂಶದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಪುಕ್ಕಟೆ ಸಿಗುವುದಕ್ಕೆ ಎಣ್ಣೆಯಷ್ಟು ಜಾಹೀರಾತಿಲ್ಲ, ಹಾಗಾಗಿ ನೆಂಟರ ಕಾಳಜಿಯೂ ಇಲ್ಲ.

ಗೀರು ಕಾಲಕ್ರಮೇಣ ತಾನಾಗಿ ಮಸುಕಾಗುತ್ತದೆ. ಅದರಿಂದ ತಾಯಿಗೂ ಅಪಾಯವಿಲ್ಲ, ಮಗುವಿಗೂ ಇಲ್ಲ. ರಕ್ತಹೀನತೆ ಹಾಗಲ್ಲ. ಮುಂದಿನ ಸೀಮಂತಕ್ಕೆ ಹೋದಾಗ ದಯವಿಟ್ಟು ಎಣ್ಣೆ ವಿಚಾರ ಬಿಡಿ, ಹಿಮೋಗ್ಲೋಬಿನ್ ಎಷ್ಟಿದೆ ಕೇಳಿ.