ಅಜ್ಞಾತವಾಸ ಸಾಕು, ಏಳನೇ ಸೆಕ್ಷನ್ ಮಹಾಶಯರೇ

ಭಾರತೀಯ ರಿಸರ್ವ್ ಬ್ಯಾಂಕ್ ಕಾಯ್ದೆ, 1934ರ ಏಳನೇ ಸೆಕ್ಷನ್ ಅವರ ಸನ್ನಿಧಾನಕ್ಕೆ,

ಇತ್ತ ಸುಳ್ಯದಲ್ಲಿ ಕ್ಷೇಮ, ರೂಪಾಯಿಯ ಕ್ಷೇಮವನ್ನು ತಮ್ಮಿಂದಲೇ ತಿಳಿಯೋಣವೆಂದು ಈ ಪತ್ರ. ಗವರ್ನರರನ್ನು ಬಿಟ್ಟು ತಮಗೇಕೆ ಬರೆದದ್ದೆಂದು ಆಶ್ಚರ್ಯಪಡಬೇಡಿ. ಗವರ್ನರರು ಬರುತ್ತಾರೆ, ಹೋಗುತ್ತಾರೆ. ತಾವಾದರೋ ಬ್ಯಾಂಕು ಸರ್ಕಾರದ ಸ್ವತ್ತಾದ 1949ರ ಜನವರಿ 1ರಂದು ಈಗಿನ ರೂಪದಲ್ಲಿ ಪೀಠವೇರಿದವರು, ಇನ್ನೂ ಇಳಿದಿಲ್ಲ. ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ಕಂಡರೆ, ಗವರ್ನರರ ಜತೆ ಸಮಾಲೋಚಿಸಿ, ಕೇಂದ್ರ ಸರ್ಕಾರವು ಬ್ಯಾಂಕಿಗೆ ನಿರ್ದೇಶನ ಕೊಡಬಹುದು ಎಂಬುದು ತಮ್ಮ ಸಾರ. ಇಷ್ಟು ಅಧಿಕಾರವಿದ್ದೂ ತಮ್ಮ ಹೆಸರಿನಲ್ಲಿ ಒಂದೇ ಒಂದು ಲಿಖಿತ ನಿರ್ದೇಶನ ಹೊರಬಿದ್ದದ್ದನ್ನು ದೇಶ ಕಂಡಿಲ್ಲ. ನಮ್ಮ ತೋಟದ ಬದಿಯ ಗುಳಿಗ ದೈವದ ಕಲ್ಲಿಗೂ ಇದೇ ಕೀರ್ತಿ: ಅದು ಯಾರನ್ನೂ ಶಿಕ್ಷಿಸಿದ್ದನ್ನು ಕಣ್ಣಾರೆ ಕಂಡವರಿಲ್ಲ, ಆದರೂ ಆ ತೋಟದ ಅಡಿಕೆಗೆ ಯಾರೂ ಕೈ ಹಾಕುವುದಿಲ್ಲ. ವ್ಯತ್ಯಾಸವಿಷ್ಟೇ, ಗುಳಿಗನ ಕಾವಲು ಯಾರ ತೋಟಕ್ಕೆಂದು ಊರಿಗೆಲ್ಲ ಗೊತ್ತು.

ಮುಂಬಯಿಯ ಮಿಂಟ್ ರಸ್ತೆಯ ರಿಸರ್ವ್ ಬ್ಯಾಂಕಿನ ಉಸಾಬರಿ ಸುಳ್ಯದವರಿಗೇಕೆ ಎಂದು ತಾವು ಕೇಳಬಹುದು. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿಗೆ ನೂರು ಲೀಟರ್ ನೀರು, ಒಂದು ಕಿಲೋ ಸುಣ್ಣ, ಒಂದು ಕಿಲೋ ಮೈಲುತುತ್ತು ಬೇಕು. ಮೈಲುತುತ್ತಿನೊಳಗಿನ ತಾಮ್ರದ ದರ ಲಂಡನ್ನಿನಲ್ಲಿ ಡಾಲರಿನ ಲೆಕ್ಕದಲ್ಲಿ ತೀರ್ಮಾನವಾಗುತ್ತದೆ. ಬುಡಕ್ಕೆ ಹಾಕುವ ಪೊಟ್ಯಾಷ್ ಆಮದಾಗಿಯೇ ಬರಬೇಕು. ರೂಪಾಯಿ ಜಾರಿದರೆ ಮಳೆಗಾಲದ ಮದ್ದೂ ದುಬಾರಿ, ಗೊಬ್ಬರವೂ ದುಬಾರಿ. ಇನ್ನು ಹೊರಗಿನ ಅಡಿಕೆ ಒಳಗೆ ನುಗ್ಗದಂತೆ ಕಟ್ಟಿದ ಗೋಡೆಯನ್ನು ನೋಡಿ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದಾಗ ಡಾಲರಿಗೆ 82-83 ರೂಪಾಯಿ ಇತ್ತು. ಗೋಡೆಯ ಎತ್ತರ ಸುಮಾರು ನಾಲ್ಕೂಕಾಲು ಡಾಲರ್. ಡಾಲರ್ 90 ರೂಪಾಯಿ ಮುಟ್ಟಿತೆಂದರೆ ಅದೇ ಗೋಡೆ 3.90 ಡಾಲರಿಗೆ ಇಳಿಯುತ್ತದೆ, ಅಧಿಸೂಚನೆಯ ಒಂದಕ್ಷರವೂ ಬದಲಾಗದೆ! ರೂಪಾಯಿ ಇಳಿದರೆ ಆಮದು ರಬ್ಬರೂ ತುಟ್ಟಿಯಾಗಿ ನಿಮ್ಮ ರಬ್ಬರಿಗೆ ದರ ಸಿಗುತ್ತದಲ್ಲ ಎನ್ನುವವರಿದ್ದಾರೆ. ಆ ಮಾತು ಸುಳ್ಳಲ್ಲ. ನಮ್ಮ ತಕರಾರು ಏರಿಳಿತದ ಮೇಲಲ್ಲ. ಬಡ್ಡಿ, ನೋಟು, ಡಾಲರ್ ದಾಸ್ತಾನಿನ ತೀರ್ಮಾನಗಳ ಹಿಂದೆ ಯಾರ ಕೈ ಇದೆಯೆಂದು ತಿಳಿಯದಿರುವುದರ ಮೇಲೆ.

ತಮ್ಮ ಮಹಿಮೆ ಮೊದಲು ಪ್ರಕಟವಾದದ್ದು ನಮ್ಮ ಕಡೆಯವರ ಮೇಲೆಯೇ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಬೆನಗಲ್ ಮನೆತನದ ರಾಮ ರಾವ್, ಸಂವಿಧಾನ ಸಲಹೆಗಾರ ಬಿ.ಎನ್. ರಾವ್ ಅವರ ಸಹೋದರ, 1949ರ ಜುಲೈಯಿಂದ ಏಳೂವರೆ ವರ್ಷ ಗವರ್ನರ್ ಆಗಿದ್ದರು. ಅಷ್ಟು ದೀರ್ಘಕಾಲ ಆ ಕುರ್ಚಿಯಲ್ಲಿ ಮತ್ತೊಬ್ಬರು ಕೂತಿಲ್ಲ. 1956ರ ಕೊನೆಗೆ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಹುಂಡಿಗಳ ಮೇಲಿನ ಸ್ಟಾಂಪ್ ಸುಂಕ ಏರಿಸಿದರು. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಪಡೆಯುವ ಸಾಲವೇ ಅದರಿಂದ ತುಟ್ಟಿಯಾಯಿತು, ಅಂದರೆ ಬಡ್ಡಿದರ ಹಿಂಬಾಗಿಲಿನಿಂದ ಏರಿತು. ರಾಮ ರಾವ್ ಆಕ್ಷೇಪಿಸಿದರು. ಬ್ಯಾಂಕು ಹಣಕಾಸು ಇಲಾಖೆಯದೇ ಒಂದು ವಿಭಾಗವೆಂಬುದು ಸಚಿವರ ನಿಲುವು. ನೆಹರೂ ಸಚಿವರ ಪರ ನಿಂತರು. 1957ರ ಜನವರಿಯಲ್ಲಿ ಗವರ್ನರರು ಹೊರನಡೆದರು. 2018ರ ಅಕ್ಟೋಬರಿನಲ್ಲಿ ತಮ್ಮ ಹೆಸರು ಮತ್ತೆ ಪತ್ರಿಕೆಗಳಲ್ಲಿ ಮಿಂಚಿತು: ತಮ್ಮ ಅಡಿಯಲ್ಲಿ ಸಮಾಲೋಚನೆ ಶುರುವಾಗಿದೆಯಂತೆ! ಡಿಸೆಂಬರ್ 10ರಂದು ಗವರ್ನರ್ ಉರ್ಜಿತ್ ಪಟೇಲ್ ವೈಯಕ್ತಿಕ ಕಾರಣ ನೀಡಿ ರಾಜೀನಾಮೆ ಕೊಟ್ಟರು. ಮುಂದಿನ ಆಗಸ್ಟಿನಲ್ಲಿ ಬ್ಯಾಂಕಿನ ಮೀಸಲು ನಿಧಿಯ ಲೆಕ್ಕ ನೋಡಿದ ಬಿಮಲ್ ಜಲಾನ್ ಸಮಿತಿಯ ಸೂತ್ರದಂತೆ 1.76 ಲಕ್ಷ ಕೋಟಿ ರೂಪಾಯಿ ಬ್ಯಾಂಕಿನಿಂದ ಸರ್ಕಾರದ ಬೊಕ್ಕಸಕ್ಕೆ ವರ್ಗಾಯಿಸುವ ತೀರ್ಮಾನವಾಯಿತು. ಸೂತ್ರ ಸರಿಯೇ ಇದ್ದಿರಬಹುದು. ಆದರೆ ಎರಡು ಸಲವೂ ತಮ್ಮ ಸಹಿ ಎಲ್ಲೂ ಇಲ್ಲ.

ನೋಟು ರದ್ದತಿಯಲ್ಲಂತೂ ತಮ್ಮನ್ನು ಕರೆಯುವ ತೊಂದರೆಯನ್ನೇ ಯಾರೂ ತೆಗೆದುಕೊಳ್ಳಲಿಲ್ಲ. ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಅದಕ್ಕೆ ಬ್ಯಾಂಕಿನ ಕೇಂದ್ರ ಮಂಡಳಿಯ ಶಿಫಾರಸು ಬೇಕು. 2016ರ ನವೆಂಬರ್ 7ರಂದು ಸರ್ಕಾರವೇ ಬ್ಯಾಂಕಿಗೆ ಸಲಹೆ ಬರೆಯಿತು, 8ರ ಸಂಜೆ ಮಂಡಳಿ ಸೇರಿ ಶಿಫಾರಸು ಮಾಡಿತು, ರಾತ್ರಿ ಎಂಟಕ್ಕೆ ಘೋಷಣೆಯಾಯಿತು. ಶಿಫಾರಸಿಗೇ ಶಿಫಾರಸು! ಸುಪ್ರೀಂ ಕೋರ್ಟಿನ ಬಹುಮತ 2023ರ ಜನವರಿ 2ರಂದು ಇದನ್ನು ಎತ್ತಿಹಿಡಿಯಿತು. ಆರು ತಿಂಗಳು ಸಮಾಲೋಚನೆ ನಡೆದಿತ್ತೆಂಬುದನ್ನು ಅದು ಗಮನಿಸಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮಾತ್ರ, ಬ್ಯಾಂಕು ಸ್ವತಂತ್ರವಾಗಿ ಯೋಚಿಸಿದ್ದು ಕಾಣುತ್ತಿಲ್ಲವೆಂದು ಭಿನ್ನ ತೀರ್ಪು ಬರೆದರು. ಇನ್ನು 2022ರಲ್ಲಿ ಹಣದುಬ್ಬರ ಸತತ ಮೂರು ತ್ರೈಮಾಸಿಕ ಶೇ. 6ರ ಮಿತಿ ದಾಟಿತು. ಶೇ. 4ರ ಗುರಿ ಏಕೆ ತಪ್ಪಿತೆಂದು ಕಾನೂನಿನಂತೆ ಬ್ಯಾಂಕು ಸರ್ಕಾರಕ್ಕೆ ಪತ್ರ ಬರೆಯಬೇಕಾಯಿತು. ಆ ಪತ್ರವನ್ನು ಆಗ ಬ್ಯಾಂಕೂ ಪ್ರಕಟಿಸಲಿಲ್ಲ, ಸರ್ಕಾರವೂ ಪ್ರಕಟಿಸಲಿಲ್ಲ. ಬೆಲೆ ಏರಿದ್ದು ಸಂತೆಯಲ್ಲಿ, ಎಲ್ಲರೆದುರು. ಕಾರಣ ಹೇಳಿದ್ದು ಮುಚ್ಚಿದ ಲಕೋಟೆಯಲ್ಲಿ.

ಜನ ಆರಿಸಿದ ಸರ್ಕಾರಕ್ಕೆ ಕೊನೆಯ ಮಾತು ಇರಬೇಡವೇ, ಯಾರೂ ಮತ ಹಾಕದ ಅಧಿಕಾರಿಗಳಿಗೆ ರೂಪಾಯಿಯನ್ನು ಒಪ್ಪಿಸುವುದು ಯಾವ ಪ್ರಜಾಪ್ರಭುತ್ವ ಎಂದು ತಮ್ಮ ಭಕ್ತರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಸರ್ಕಾರಕ್ಕೆ ಕೊನೆಯ ಮಾತಿರಲಿ, ಆದರೆ ಅದು ಕಿವಿಮಾತಾಗಿ ಉಳಿದರೆ ಮತದಾರ ಯಾರನ್ನು ಹೊಣೆ ಮಾಡಬೇಕು? ಫಲಿಸಿದರೆ ಸರ್ಕಾರದ ದೂರದೃಷ್ಟಿ, ಕೆಟ್ಟರೆ ಬ್ಯಾಂಕಿನ ಅಂದಾಜು ತಪ್ಪು. ರೂಪಾಯಿಯ ಬೆಲೆ ಕಟ್ಟುವುದು ಮಾರುಕಟ್ಟೆ, ರಿಸರ್ವ್ ಬ್ಯಾಂಕು ವಿಪರೀತ ಏರಿಳಿತ ತಡೆಯಲಷ್ಟೇ ಡಾಲರ್ ಮಾರುತ್ತದೆ, ಕೊಳ್ಳುತ್ತದೆ ಎಂಬುದು ಇನ್ನೊಂದು ವಾದ. ಒಪ್ಪಿದೆ. ಆದರೆ ಮಾರುಕಟ್ಟೆ ತೂಗುವ ಸಾಮಾನುಗಳಲ್ಲಿ ನಂಬಿಕೆಯೂ ಒಂದು. ಟರ್ಕಿಯ ಅಧ್ಯಕ್ಷರು 2019ರಿಂದ 2021ರೊಳಗೆ ಮೂವರು ಗವರ್ನರರನ್ನು ಮನೆಗೆ ಕಳಿಸಿ, ಹಣದುಬ್ಬರ ಏರುತ್ತಿದ್ದಾಗಲೇ ಬಡ್ಡಿ ಇಳಿಸುವಂತೆ ನೋಡಿಕೊಂಡರು. 2021ರ ಮಾರ್ಚಿನಲ್ಲಿ ಏಳೆಂಟು ಲಿರಾ ಇದ್ದ ಡಾಲರ್ 2022ರ ಕೊನೆಗೆ 18 ದಾಟಿತ್ತು. ನಾವು ಟರ್ಕಿಯಾಗಿಲ್ಲ, ಆಗುವುದೂ ಬೇಡ.

ದಾರಿ ಕಾಣದಿದ್ದರೆ ಕೆನಡಾವನ್ನು ನೋಡಬಹುದು. ಗವರ್ನರ್ ಮತ್ತು ಸರ್ಕಾರದ ನಡುವೆ 1961ರಲ್ಲಿ ದೊಡ್ಡ ಜಟಾಪಟಿಯಾದ ಮೇಲೆ ಅಲ್ಲಿನವರು 1967ರಲ್ಲಿ ಕಾನೂನು ತಿದ್ದಿದರು: ಸಚಿವರು ಬ್ಯಾಂಕಿಗೆ ಆದೇಶ ಕೊಡಬಹುದು, ಆದರೆ ಬರಹದಲ್ಲಿ, ಸ್ಪಷ್ಟ ಮಾತಿನಲ್ಲಿ, ನಿಗದಿತ ಅವಧಿಗೆ, ಅದು ಗೆಜೆಟ್ಟಿನಲ್ಲಿ ಅಚ್ಚಾಗಬೇಕು, ಸಂಸತ್ತಿನ ಮುಂದೆ ಬರಬೇಕು. ಹಾಗಾಗಿ, ಮಹಾಶಯರೇ, ತಮ್ಮನ್ನು ಕಾಯ್ದೆಯಿಂದ ಕಿತ್ತುಹಾಕಿ ಎಂದು ನಾವು ಕೇಳುತ್ತಿಲ್ಲ. ವೇಷ ಕಳಚಿ ರಂಗಕ್ಕೆ ಬನ್ನಿ ಎನ್ನುತ್ತಿದ್ದೇವೆ. ತಮ್ಮ ಅಡಿಯ ಪ್ರತಿ ನಿರ್ದೇಶನವೂ ಗವರ್ನರರ ಉತ್ತರದೊಂದಿಗೆ ಸಂಸತ್ತಿನಲ್ಲಿ ಮಂಡನೆಯಾಗಲಿ, ಗುರಿ ತಪ್ಪಿದಾಗ ಬರೆಯುವ ಪತ್ರ ಅದೇ ದಿನ ಪ್ರಕಟವಾಗಲಿ. ಇದಕ್ಕೆ ಬೇಕಾದದ್ದು ಎರಡು ಸಾಲಿನ ತಿದ್ದುಪಡಿ. ಅಡಿಕೆಯ ಆಮದು ಬೆಲೆಗಾಗಿ ದೆಹಲಿಗೆ ಮನವಿ ಒಯ್ಯುವ ನಮ್ಮ ಕಡೆಯ ಸಂಸದರೂ ಮುಖಂಡರೂ ಮುಂದಿನ ಸಲ ಹೋಗುವಾಗ ಈ ಎರಡು ಸಾಲನ್ನೂ ಜತೆಗೆ ಒಯ್ಯಲಿ.

ಇತಿ,
ತಮ್ಮ ಅಜ್ಞಾತ ಆಜ್ಞೆಗಳಿಗೆ ಸದಾ ತಲೆಬಾಗಿದ,
ಸುಳ್ಯದ ಒಬ್ಬ ರೂಪಾಯಿ ಬಳಕೆದಾರ