ನೇರಳೆ ಕಲೆಗೆ ಮದ್ದುಂಟು

ಅಕ್ಕಾ, ಒಂದ್ನಿಮಿಷ. ಆ ಹಳೇ ಡಬ್ಬಾ ಮಾನಿಟರನ್ನ ಗೇಟಿನ ಹತ್ರ ಯಾಕೆ ತಂದಿಟ್ರಿ? ಗುಜರಿಯವನಿಗಾ? ಮೊಮ್ಮಗ ಸ್ಪೀಕರಿನ ಮ್ಯಾಗ್ನೆಟ್ ಹಿಡಿದು ಪರದೆ ಮೇಲೆ ಆಡಿಸಿದ, ಮೂಲೇಲಿ ನೇರಳೆ, ಹಸಿರು ಕಲೆ ಕೂತ್ಬಿಡ್ತು, ಅಷ್ಟೇ ತಾನೆ? ಹುಡುಗನ್ನ ಬೈಬೇಡಿ, ಮಾನಿಟರನ್ನೂ ಕೊಡಬೇಡಿ. ಪಿಕ್ಚರ್ ಟ್ಯೂಬ್ ಸುಟ್ಟಿಲ್ಲ.

ಆಗಿದ್ದೇನು ಹೇಳ್ತೀನಿ. ಟ್ಯೂಬಿನ ಹಿಂದುಗಡೆ ಮೂರು ಎಲೆಕ್ಟ್ರಾನ್ ಗನ್ ಇರ್ತವೆ: ಕೆಂಪು, ಹಸಿರು, ನೀಲಿಗೆ ಒಂದೊಂದು. ಗಾಜಿನ ಒಳಮೈ ತುಂಬ ಅದೇ ಮೂರು ಬಣ್ಣದ ಫಾಸ್ಫರ್ ಚುಕ್ಕಿ. ಗಾಜಿನ ಹಿಂದೇನೇ ಸಣ್ಣ ಸಣ್ಣ ತೂತಿನ ತೆಳು ಲೋಹದ ಜಾಲರಿ, ಶ್ಯಾಡೋ ಮಾಸ್ಕ್ ಅಂತಾರೆ. ಕೆಂಪಿನ ಕಿರಣ ಆ ತೂತಿನಲ್ಲಿ ನುಸುಳಿ ಕೆಂಪು ಚುಕ್ಕಿಗೇ ಬೀಳಬೇಕು. ಜಾಲರಿಗೆ ಕಾಂತಶಕ್ತಿ ಹತ್ತಿದ್ರೆ ಕಿರಣ ಒಂದು ಕೂದಲೆಳೆಯಷ್ಟು ವಾಲಿ ಪಕ್ಕದ ಬಣ್ಣಕ್ಕೆ ಬೀಳುತ್ತೆ. ಮ್ಯಾಗ್ನೆಟ್ ತೆಗೆದ್ರೂ ಜಾಲರಿಯಲ್ಲಿ ಹತ್ತಿದ್ದು ಉಳಿಯುತ್ತೆ. ಹಳೇ ಬ್ಲ್ಯಾಕ್ ಅಂಡ್ ವೈಟ್ ಟಿವಿಗೆ ಈ ಜಾಲರಿಯೇ ಇರಲಿಲ್ಲ, ಹಾಗಾಗಿ ಈ ಕಾಟವೂ ಇರಲಿಲ್ಲ.

ಜಾಲರಿಗೆ ಹತ್ತಿದ ಕಾಂತವನ್ನ ಇಳಿಸೋದು ಕರೆಂಟಿನಿಂದ. ಆನ್ ಮಾಡಿದಾಗ ಒಳಗೆ ‘ಧೊಂಯ್’ ಅನ್ನುತ್ತಲ್ಲ, ಅದು ಟ್ಯೂಬಿನ ಸುತ್ತ ಇರೋ ಡಿಗಾಸ್ ಕಾಯಿಲ್. ತೂಗಿಬಿಟ್ಟ ಉಯ್ಯಾಲೆ ಆಕಡೆ ಈಕಡೆ ಆಡ್ತಾ ಆಡ್ತಾ ನಡುವೆ ಬಂದು ನಿಲ್ಲೋ ಹಾಗೆ, ದಿಕ್ಕು ಬದಲಿಸೋ ಎಸಿ ಕರೆಂಟು ಕುಗ್ಗುತ್ತಾ ಹೋದಂತೆ ಜಾಲರಿಯ ಕಾಂತವೂ ಇಳಿಯುತ್ತೆ. ಹೀಗೆ ಕಾಂತ ಇಳಿಸೋದು ಹೊಸದೇನಲ್ಲ, 1940ರಲ್ಲಿ ಬ್ರಿಟನ್ನಿನವರು ಜರ್ಮನರ ಕಾಂತದ ಮೈನುಗಳಿಂದ ಹಡಗು ಉಳಿಸಿಕೊಳ್ಳೋಕೆ ದಪ್ಪ ಕೇಬಲ್ ಹಿಡಿದು ಹಡಗಿನ ಕಾಂತವನ್ನೇ ಇಳಿಸ್ತಿದ್ರಂತೆ!

ಮೊದಲು ಮೆನುವಿನಲ್ಲಿ ಡಿಗಾಸ್ ಅಂತ ಇದೆಯಾ ನೋಡಿ, ಒತ್ತಿ. ಇಲ್ಲದಿದ್ರೆ ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು ಆನ್ ಮಾಡಿ. ಕರೆಂಟ್ ಕುಗ್ಗಿಸೋ ಥರ್ಮಿಸ್ಟರ್ ತಣ್ಣಗಾಗದೆ ಕಾಯಿಲ್ ಸರಿಯಾಗಿ ಕೆಲಸ ಮಾಡಲ್ಲ, ಹಿಂದಿಂದೆ ಒತ್ತಿದ್ರೆ ಲಾಭವಿಲ್ಲ. ಹೀಗೆ ನಾಲ್ಕಾರು ಸಲ ಮಾಡಿದ್ರೆ ಸಣ್ಣ ಕಲೆ ಕರಗುತ್ತೆ.

ಕರಗದಿದ್ರೆ ಹಳೇ ಟಿವಿ ಮೆಕ್ಯಾನಿಕ್ಕನ್ನ ಕರೆಸಿ. ಅವರ ಹತ್ರ ಬಳೆಯಂಥ ದೊಡ್ಡ ಡಿಗಾಸಿಂಗ್ ಕಾಯಿಲ್ ಇರುತ್ತೆ. ಪರದೆ ಮುಂದೆ ನಿಧಾನ ಸುತ್ತಿಸಿ, ಸುತ್ತಿಸುತ್ತಲೇ ಐದಾರು ಅಡಿ ಹಿಂದೆ ಸರಿದು, ಆಮೇಲೆ ಆಫ್ ಮಾಡ್ತಾರೆ. ಹತ್ತಿರದಲ್ಲೇ ಆಫ್ ಮಾಡಿದ್ರೆ ಹೊಸ ಕಲೆ ಹತ್ತುತ್ತೆ. ಆ ಕಾಯಿಲ್ ಆನ್ ಇರುವಾಗ ಎಟಿಎಂ ಕಾರ್ಡು, ಹಾರ್ಡ್ ಡಿಸ್ಕು ಪಕ್ಕದಲ್ಲಿ ಇಡಬೇಡಿ. ಹಿಂದಿನ ಮುಚ್ಚಳವನ್ನಂತೂ ಯಾರೂ ಬಿಚ್ಚೋದು ಬೇಡ, ಒಳಗೆ 25,000 ವೋಲ್ಟ್ ಆಸುಪಾಸು ಇರುತ್ತೆ, ಪ್ಲಗ್ ತೆಗೆದ ಮೇಲೂ ಚಾರ್ಜ್ ನಿಂತಿರಬಹುದು.

ಮ್ಯಾಗ್ನೆಟ್ ತುಂಬ ಬಲವಾಗಿದ್ದು ಜಾಲರಿಯೇ ಬಾಗಿದ್ರೆ ಮಾತ್ರ ಯಾವ ಕಾಯಿಲೂ ನಾಟಲ್ಲ. ಅದು ಗೊತ್ತಾಗೋದು ಎಲ್ಲ ಮಾಡಿ ನೋಡಿದ ಮೇಲೇ. ಅಲ್ಲಿವರೆಗೂ ಗುಜರಿಯವನನ್ನ ತಡೀರಿ. ಈ ಟ್ಯೂಬುಗಳು ಈಗ ಹೊಸದಾಗಿ ಸಿಗೋದೇ ಕಷ್ಟ ಅಕ್ಕಾ. ಬನ್ನಿ, ಒಂದು ಕೈ ಹಿಡೀರಿ, ಒಳಗೆ ಇಟ್ಟುಬಿಡೋಣ.